ಪಿಂಗಾಣಿಯ ಬೊಂಬೆಗಳು: ಗುರುತೂ ಬೆಲೆಯೂ



ನವರಾತ್ರಿ ಬಂತೆಂದರೆ ನಮ್ಮ ಮನೆಗಳಲ್ಲಿ ವರ್ಷವೆಲ್ಲ ಪೆಟ್ಟಿಗೆಯಲ್ಲಿ ಮಲಗಿದ್ದ ಬೊಂಬೆಗಳು ಹೊರಕ್ಕೆ ಬರುತ್ತವೆ. ಪಟ್ಟದ ಬೊಂಬೆಗಳಿಗೆ ಮೇಲಣ ಮೆಟ್ಟಲಿನಲ್ಲಿ ಸ್ಥಾನ. ಅವುಗಳ ಕೆಳಗೆ ಮರದವು, ಮಣ್ಣಿನವು, ಕಾಗದದವು. ಇವುಗಳ ನಡುವೆ ಕೆಲವು ಮನೆಗಳಲ್ಲಿ ಒಬ್ಬಳು ಪರದೇಶದ ಹೆಣ್ಣುಮಗಳೂ ನಿಂತಿರುವುದುಂಟು. ಗುಲಾಬಿಯ ಕೆನ್ನೆ, ನೆರಿಗೆ ನೆರಿಗೆಯಾದ ಲಂಗ, ಕೈಯಲ್ಲಿ ಹೂವಿನ ಬುಟ್ಟಿ, ಕಾಲ ಬಳಿ ಒಂದು ಕುರಿಮರಿ. ಅವಳು ಎಲ್ಲಿಂದ ಬಂದವಳು, ಯಾವ ಕಾಲದವಳು ಎಂದು ಕೇಳಿದರೆ "ನಮ್ಮ ತಾತನ ಕಾಲದ್ದು" ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವುದಿಲ್ಲ. ಆ ಉತ್ತರವನ್ನು ಸ್ವಲ್ಪ ದೂರ ಮುಂದುವರಿಸುವುದೇ ಈ ಭಾಷಣದ ಉದ್ದೇಶ.

ಈ ವಿಷಯಕ್ಕೆ ನಾನು ಕೈಹಾಕಿದ್ದು ಪಾಂಡಿತ್ಯದ ಬಲದಿಂದಲ್ಲ, ಒಂದು ತಪ್ಪಿನ ದೆಸೆಯಿಂದ. ಕೆಲವು ವರ್ಷಗಳ ಹಿಂದೆ ನಮ್ಮ ನೆರೆಮನೆಯ ರಾಯರೊಬ್ಬರು ಇಂಥದೇ ಒಂದು ಬೊಂಬೆಯನ್ನು ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಬಂದರು. ಸೀಮೆಗೆ ಹಿಂದಿರುಗುತ್ತಿದ್ದ ಒಬ್ಬ ಅಧಿಕಾರಿಯ ಸಾಮಾನುಗಳ ಹರಾಜಿನಲ್ಲಿ ಅವರ ತಾತ ಅದನ್ನು ಕೊಂಡಿದ್ದರಂತೆ. ಅದರ ತಳದಲ್ಲಿ ನೀಲಿಯ ಬಣ್ಣದಲ್ಲಿ ಎರಡು ಕತ್ತಿಗಳು ಒಂದನ್ನೊಂದು ಹಾದು ನಿಂತಿದ್ದುವು. ಪುಸ್ತಕದಲ್ಲಿ ಆ ಚಿಹ್ನೆಯ ಚಿತ್ರವನ್ನು ನೋಡಿದ್ದ ನಾನು, "ಇದು ಜರ್ಮನಿಯ ಮೈಸೆನ್ನಿನದು, ಇನ್ನೂರು ವರ್ಷಕ್ಕೆ ಕಡಮೆಯಿಲ್ಲ, ಸಂದೇಹವೇ ಬೇಡ" ಎಂದುಬಿಟ್ಟೆ. ರಾಯರಿಗೆ ಆಗ ಮನೆಯ ಮೇಲೆ ಸಾಲವಿತ್ತು. ಬೊಂಬೆಯ ಚೆಲುವಿಗೆ ಮನಸೋತ ಒಬ್ಬರು ಯೋಗ್ಯವಾದ ಬೆಲೆಯನ್ನೇ ಕೊಡಲು ಸಿದ್ಧರಾಗಿದ್ದರು. ನನ್ನ ಮಾತನ್ನು ನಂಬಿ, ಇದಕ್ಕೆ ಹತ್ತುಮಡಿ ಬಂದೀತೆಂದು ರಾಯರು ಅದನ್ನು ಕೊಡಲಿಲ್ಲ. ಮರುವರ್ಷ ಈ ವಿದ್ಯೆಯನ್ನು ನಿಜವಾಗಿ ಬಲ್ಲ ಒಬ್ಬರು ಬೊಂಬೆಯನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಬೆನ್ನನ್ನು ನೋಡಿ, ಒಂದು ನಿಮಿಷದಲ್ಲಿ "ಚೆಂದದ ನಕಲು" ಎಂದರು. ಅಷ್ಟರಲ್ಲಿ ಕೊಳ್ಳುವವರು ಊರು ಬಿಟ್ಟು ಹೋಗಿದ್ದರು. ರಾಯರು ನನ್ನನ್ನು ದೂರಲಿಲ್ಲ. "ಮೇಷ್ಟ್ರೆ, ನೀವು ಕತ್ತಿಯನ್ನು ನೋಡಿದಿರಿ, ಅವರು ಬೊಂಬೆಯನ್ನು ನೋಡಿದರು" ಎಂದಷ್ಟೇ ಹೇಳಿದರು. ಆ ಮಾತು ನನಗೆ ದೂರಿಗಿಂತ ಹೆಚ್ಚಾಗಿ ನಾಟಿತು.

ಕತ್ತಿಯನ್ನು ಬಿಟ್ಟು ಬೊಂಬೆಯನ್ನು ನೋಡುವುದೆಂದರೇನು? ಅದನ್ನು ತಿಳಿಯಬೇಕಾದರೆ ಆ ಬೊಂಬೆಗಳು ಹುಟ್ಟಿದ ಬಗೆಯನ್ನು ತಿಳಿಯಬೇಕು.

ಪಿಂಗಾಣಿಯ ತವರು ಚೀನಾದೇಶ. ಕಯೊಲಿನ್ ಎಂಬ ಬಿಳಿಯ ಜೇಡಿಮಣ್ಣನ್ನೂ, ಬೆಂಕಿಯಲ್ಲಿ ಕರಗಿ ಗಾಜಾಗುವ ಒಂದು ಬಗೆಯ ಕಲ್ಲಿನ ಪುಡಿಯನ್ನೂ ಬೆರಸಿ, 1,300 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನ ಕಾವಿನಲ್ಲಿ ಸುಟ್ಟರೆ ಮಣ್ಣು ಮಣ್ಣಿನ ಗುಣವನ್ನು ಬಿಟ್ಟು ಬೆಳ್ಳಗೆ, ಗಟ್ಟಿಯಾಗಿ, ನೀರನ್ನು ಹೀರದ ವಸ್ತುವಾಗುತ್ತದೆ; ತೆಳುವಾದೆಡೆಯಲ್ಲಿ ಬೆಳಕನ್ನು ಹಾಯಗೊಡುತ್ತದೆ. ಚೀನೀಯರು ಈ ರಹಸ್ಯವನ್ನು ನೂರಾರು ವರ್ಷ ತಮ್ಮಲ್ಲಿಯೇ ಇಟ್ಟುಕೊಂಡಿದ್ದರು. 16ನೆಯ ಶತಮಾನದಲ್ಲಿ ಪೋರ್ಚುಗೀಸರೂ, 17ನೆಯ ಶತಮಾನದಲ್ಲಿ ಡಚ್ಚರೂ ಹಡಗು ಹಡಗಾಗಿ ಅದನ್ನು ಯೂರೋಪಿಗೆ ಸಾಗಿಸಿದರು. ಅಲ್ಲಿಯ ಅರಸರಿಗೆ ಅದರ ಮೇಲೆ ಹುಟ್ಟಿದ ಮೋಹವು ಒಂದು ರೋಗದಂತೆ ಹಬ್ಬಿತು.

ಆ ರೋಗವು ಬಲವಾಗಿ ಹಿಡಿದದ್ದು ಸ್ಯಾಕ್ಸನಿಯ ಪ್ರಭುವೂ ಪೋಲೆಂಡಿನ ದೊರೆಯೂ ಆಗಿದ್ದ ಅಗಸ್ಟಸನನ್ನು. 1717ರಲ್ಲಿ ಈತನು ತನ್ನ ಸೇನೆಯ 600 ಮಂದಿ ಸವಾರರನ್ನು ಪ್ರಷ್ಯದ ದೊರೆಗೆ ಒಪ್ಪಿಸಿ, ಅವರ ಬದಲಿಗೆ 151 ಪಿಂಗಾಣಿಯ ಪಾತ್ರೆಗಳನ್ನು ಪಡೆದನು. ಒಂದು ಪಾತ್ರೆಗೆ ನಾಲ್ಕು ಮಂದಿ ಸವಾರರಂತಾಯಿತು! ಬೆಲೆಯ ವಿಚಾರವನ್ನು ಎತ್ತಿದಾಗಲೆಲ್ಲ ನನಗೆ ಈ ವ್ಯಾಪಾರ ನೆನಪಿಗೆ ಬರುತ್ತದೆ. ಆ 600 ಮಂದಿಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಈ ದೊರೆಯ ಕೈಗೆ ಸಿಕ್ಕವನು ಬೋಟ್ಗರ್ ಎಂಬ ತರುಣ. 1682ರಲ್ಲಿ ಹುಟ್ಟಿದ ಇವನು ಬರ್ಲಿನ್ನಿನ ಒಂದು ಔಷಧದ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಾಗ, ಕೀಳು ಲೋಹವನ್ನು ಚಿನ್ನವಾಗಿಸಬಲ್ಲೆನೆಂದು ಹೇಳಿಕೊಂಡನು. ಮಾತು ಪ್ರಷ್ಯದ ಅರಮನೆಯನ್ನು ಮುಟ್ಟಿತು. ಹೆದರಿದ ಹುಡುಗನು 1701ರಲ್ಲಿ ಗಡಿಯನ್ನು ದಾಟಿ ಸ್ಯಾಕ್ಸನಿಗೆ ಓಡಿದನು. ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು. ಚಿನ್ನದ ಅವಶ್ಯಕತೆ ಅಗಸ್ಟಸನಿಗೆ ಇನ್ನೂ ಹೆಚ್ಚಾಗಿತ್ತು. ಅವನು ಬೋಟ್ಗರನನ್ನು ಸೆರೆಯಲ್ಲಿಟ್ಟು ಕುಲುಮೆಯ ಮುಂದೆ ಕೂರಿಸಿದನು. ಚಿನ್ನ ಹುಟ್ಟಲಿಲ್ಲ. ಚಿರ್ನ್‌ಹೌಸ್ ಎಂಬ ವಿದ್ವಾಂಸನು ದೊಡ್ಡ ದರ್ಪಣಗಳಿಂದ ಸೂರ್ಯನ ಕಿರಣಗಳನ್ನು ಒಂದೆಡೆ ಸೇರಿಸಿ ಮಣ್ಣುಗಳನ್ನು ಕರಗಿಸುವ ಪ್ರಯೋಗಗಳಲ್ಲಿ ತೊಡಗಿದ್ದನು. ಅವನು ಈ ಸೆರೆಯಾಳನ್ನು ಪಿಂಗಾಣಿಯ ಕಡೆಗೆ ತಿರುಗಿಸಿದನು. 1708ರ ಜನವರಿಯಲ್ಲಿ ಬೆಳ್ಳನೆಯ, ಬೆಳಕು ಹಾಯುವ ಚೂರುಗಳು ಆವಿಗೆಯಿಂದ ಹೊರಬಂದುವು. ಅದೇ ವರ್ಷ ಚಿರ್ನ್‌ಹೌಸ್ ತೀರಿಕೊಂಡನು. 1710ರಲ್ಲಿ ರಾಜಾಜ್ಞೆಯಾಗಿ, ಎಲ್ಬ್ ನದಿಯ ದಡದ ಮೈಸೆನ್ ಊರಿನ ಬೆಟ್ಟದ ಕೋಟೆಯಲ್ಲಿ ಕಾರ್ಖಾನೆ ಪ್ರಾರಂಭವಾಯಿತು. ಕೋಟೆಯನ್ನು ಆರಿಸಿದ್ದು ರಹಸ್ಯವು ಹೊರಕ್ಕೆ ಹೋಗಬಾರದೆಂದು. ಬೋಟ್ಗರನಿಗೆ ಬಿಡುಗಡೆಯಾದದ್ದು 1714ರಲ್ಲಿ. ಅವನು ಸತ್ತದ್ದು 1719ರಲ್ಲಿ, 37ನೆಯ ವಯಸ್ಸಿನಲ್ಲಿ. ಚಿನ್ನ ಮಾಡುತ್ತೇನೆಂದು ಹೊರಟವನು ಕುಂಬಾರನಾಗಿ ತೀರಿಕೊಂಡನು.

ರಹಸ್ಯವನ್ನು ಕೋಟೆಯೂ ಕಾಯಲಿಲ್ಲ. ಬೋಟ್ಗರನು ಸಾಯುವ ವೇಳೆಗೇ ಅದು ಓಡಿಬಂದ ಕೆಲಸಗಾರರ ಮೂಲಕ ವಿಯೆನ್ನಾ ನಗರವನ್ನು ಸೇರಿತ್ತು. ತಮ್ಮ ಸರಕನ್ನು ಬೇರೆಯವರ ಸರಕಿನಿಂದ ಬೇರ್ಪಡಿಸಿ ತೋರಿಸುವುದು ಮೈಸೆನ್ನಿನವರಿಗೆ ಅಗತ್ಯವಾಯಿತು. 1722-23ರ ಸುಮಾರಿನಲ್ಲಿ ಸ್ಯಾಕ್ಸನಿಯ ರಾಜಲಾಂಛನದಲ್ಲಿದ್ದ ಜೋಡಿ ಕತ್ತಿಗಳನ್ನು ತಳದಲ್ಲಿ ನೀಲಿಯಿಂದ ಬರೆಯತೊಡಗಿದರು. ಕಳವನ್ನು ತಡೆಯಲೆಂದು ಹುಟ್ಟಿದ ಈ ಚಿಹ್ನೆಯೇ ಲೋಕದಲ್ಲಿ ಹೆಚ್ಚು ಕಳವಾದ ಚಿಹ್ನೆಗಳಲ್ಲಿ ಒಂದಾಯಿತು.

ಇನ್ನು ಬೊಂಬೆಗಳ ವಿಷಯ. ಆ ಕಾಲದ ಅರಮನೆಯ ಔತಣಗಳಲ್ಲಿ ಕಡೆಯ ಸುತ್ತಿನ ಸಿಹಿತಿಂಡಿಗಳೊಡನೆ ಮೇಜಿನ ಮೇಲೆ ಸಕ್ಕರೆಯ ಪುತ್ಥಳಿಗಳನ್ನು ಜೋಡಿಸುವ ಪದ್ಧತಿಯಿತ್ತು. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನಂತೆ ಎಂದು ತಿಳಿಯಬಹುದು. ಆದರೆ ಅವು ತೋಟ, ಗುಡಿ, ದೇವತೆಗಳ ಮೇಳ ಎಲ್ಲವನ್ನೂ ಒಳಗೊಂಡ ದೊಡ್ಡ ಪ್ರದರ್ಶನಗಳು. ಸಕ್ಕರೆಯ ಸ್ಥಾನಕ್ಕೆ ಪಿಂಗಾಣಿಯು ಬಂತು. 1731ರಲ್ಲಿ ಮೈಸೆನ್ನಿಗೆ ಬಂದ ಕೆಂಡ್ಲರ್ ಎಂಬ ಶಿಲ್ಪಿಯು 1775ರಲ್ಲಿ ಸಾಯುವವರೆಗೆ ಅಲ್ಲಿಯೇ ದುಡಿದು ಈ ಕಲೆಯನ್ನು ಶಿಖರಕ್ಕೇರಿಸಿದನು. ನಾಟಕದ ವಿದೂಷಕರು, ಕುರಿಕಾಯುವ ಹುಡುಗಿಯರು, ಬೀದಿಯ ಮಾರಾಟಗಾರರು, ವಾದ್ಯ ನುಡಿಸುವ ಕಪಿಗಳ ಮೇಳ, ಮೇಕೆಯ ಮೇಲೆ ಸವಾರಿ ಹೊರಟ ದರ್ಜಿ, ಎಲ್ಲವೂ ಅವನ ಕಣ್ಣಿಗೆ ಬಿದ್ದು ಬೊಂಬೆಗಳಾದುವು. ದಕ್ಷಿಣದಲ್ಲಿ ಮ್ಯೂನಿಕ್ ನಗರದ ಬಳಿಯ ನಿಂಫೆನ್‌ಬರ್ಗಿನಲ್ಲಿ ಬುಸ್ಟೆಲ್ಲಿ ಎಂಬವನು 1754ರಿಂದ 1763ರವರೆಗೆ, ಒಂಬತ್ತೇ ವರ್ಷ, ಕೆಲಸಮಾಡಿದನು. ಅವನ 16 ನಾಟಕಪಾತ್ರಗಳ ಬೊಂಬೆಗಳನ್ನು ಬಲ್ಲವರು ಕೆಂಡ್ಲರನ ಕೃತಿಗಳಿಗೆ ಸಮನಾಗಿ ಎಣಿಸುತ್ತಾರೆ.

ನಮ್ಮ ದೇಶವೂ ಅವರ ಕಣ್ಣಿಗೆ ಬೀಳದೆ ಹೋಗಲಿಲ್ಲ. 1750ರ ಸುಮಾರಿನಲ್ಲಿ ಮೇಯರ್ ಎಂಬ ಶಿಲ್ಪಿಯು ಮೈಸೆನ್ನಿನಲ್ಲಿ "ಮಲಬಾರಿನವರು" ಎಂದು ಹೆಸರಾದ ಒಂದು ಗಂಡು ಹೆಣ್ಣಿನ ಜೋಡಿಯನ್ನು ರೂಪಿಸಿದನು. ಇಬ್ಬರ ಕೈಯಲ್ಲಿಯೂ ಯೂರೋಪಿನ ವಾದ್ಯಗಳು! ಉಡುಪನ್ನು ನೋಡಿದರೆ ಮಲಬಾರಿನ ಯಾವ ಮನುಷ್ಯನೂ ಅವರನ್ನು ತನ್ನ ನೆಂಟರೆಂದು ಒಪ್ಪಲಾರನು. ಪೂರ್ವದೇಶವೆಂಬುದು ಆ ಶಿಲ್ಪಿಗಳಿಗೆ ಒಂದು ಕನಸಾಗಿತ್ತು.

ಈಗ ಬೊಂಬೆಯನ್ನು ಮಾಡುವ ಕ್ರಮವನ್ನು ಸ್ವಲ್ಪ ಗಮನಿಸಬೇಕು. ಗುರುತು ಹಿಡಿಯುವ ವಿದ್ಯೆಯೆಲ್ಲ ಇದರಲ್ಲಿಯೇ ಅಡಗಿದೆ. ಶಿಲ್ಪಿಯು ಮೊದಲು ಒಂದು ಮಾದರಿಯನ್ನು ಮಾಡುತ್ತಾನೆ. ಅದನ್ನು ತಲೆ, ತೋಳು, ಮುಂಡ, ಕಾಲು ಎಂದು ತುಂಡು ತುಂಡಾಗಿ ಕತ್ತರಿಸಿ, ಒಂದೊಂದಕ್ಕೂ ಅಚ್ಚು ತೆಗೆಯುತ್ತಾರೆ. ಅಚ್ಚಿನಿಂದ ಬಂದ ಹಸಿಯ ತುಂಡುಗಳನ್ನು ಇನ್ನೊಬ್ಬ ಕುಶಲಿಯು ತೆಳುವಾದ ಅದೇ ಮಣ್ಣಿನ ಅಂಟಿನಿಂದ ಜೋಡಿಸಿ, ಬೆಸುಗೆಯನ್ನು ಒರೆಸಿ, ಕಣ್ಣಿನ ರೆಪ್ಪೆ, ಬೆರಳು, ಕೂದಲ ಎಳೆಗಳನ್ನು ಕಡ್ಡಿಯಿಂದ ತಿದ್ದುತ್ತಾನೆ. ಹೂವನ್ನು ಎಸಳೆಸಳಾಗಿ ಕೈಯಿಂದಲೇ ಮಾಡಿ ಅಂಟಿಸುತ್ತಾರೆ. ಬಳಿಕ ಬೆಂಕಿ, ಮೆರುಗು, ಮತ್ತೆ ಬೆಂಕಿ, ಬಣ್ಣ, ಮತ್ತೆ ಹದವಾದ ಬೆಂಕಿ. ಒಂದೇ ಅಚ್ಚಿನಿಂದ ಹುಟ್ಟಿದರೂ ತಿದ್ದುವವನ ಕೈ ಬೇರೆಯಾದುದರಿಂದ ಯಾವ ಎರಡು ಬೊಂಬೆಗಳೂ ಪೂರ್ತಿ ಒಂದೇ ಆಗಿರುವುದಿಲ್ಲ.

ಇಲ್ಲಿ ಒಂದು ಮುಖ್ಯ ಸಂಗತಿಯಿದೆ. ಪಿಂಗಾಣಿಯ ಮಣ್ಣು ಒಣಗಿ ಬೇಯುವಾಗ ಸುಮಾರು ಆರನೆಯ ಒಂದು ಭಾಗದಷ್ಟು ಕುಗ್ಗುತ್ತದೆ. 12 ಅಂಗುಲದ ಹಸಿಯ ಬೊಂಬೆ ಆವಿಗೆಯಿಂದ 10 ಅಂಗುಲವಾಗಿ ಹೊರಬರುತ್ತದೆ. ನಕಲು ಮಾಡುವವನ ಬಳಿ ಮೂಲದ ಅಚ್ಚು ಇರುವುದಿಲ್ಲ. ಅವನು ಸಿದ್ಧವಾದ 10 ಅಂಗುಲದ ಬೊಂಬೆಯಿಂದಲೇ ಅಚ್ಚು ತೆಗೆಯುತ್ತಾನೆ. ಆ ಅಚ್ಚಿನ ಮಣ್ಣು ಬೆಂದಾಗ ಎಂಟೂಕಾಲು ಅಂಗುಲದಷ್ಟಕ್ಕೆ ಇಳಿಯುತ್ತದೆ. ಮೂಲದ ಅಳತೆಯನ್ನು ಬಲ್ಲವನು ಒಂದು ಅಳತೆಪಟ್ಟಿಯಿಂದಲೇ ಇಂಥ ಮೋಸವನ್ನು ಹಿಡಿಯಬಲ್ಲನು. ಅಳತೆಯ ಜೊತೆಗೆ ಚೂಪೂ ಕುಗ್ಗುತ್ತದೆ: ಬೆರಳುಗಳು ಕೂಡಿಕೊಂಡಂತೆ, ಕೂದಲು ಮೆತ್ತಿದಂತೆ, ತುಟಿಯ ಅಂಚು ಅಳಿಸಿದಂತೆ ಕಾಣುತ್ತದೆ.

ಎರಡನೆಯದು, ಮಣ್ಣಿನ ಜಾತಿ. ಮೈಸೆನ್ ಮೊದಲಾದ ಜರ್ಮನ್ ಕಾರ್ಖಾನೆಗಳದ್ದು ಚೀನಾದ ರೀತಿಯ ಗಟ್ಟಿ ಪಿಂಗಾಣಿ. ಲಂಡನ್ನಿನ ಚೆಲ್ಸಿಯಲ್ಲಿ 1745ರ ಸುಮಾರಿನಿಂದ ತಯಾರಾದದ್ದು ಗಾಜಿನ ಅಂಶವನ್ನು ಬೆರಸಿ ಕಡಮೆ ಕಾವಿನಲ್ಲಿ ಸುಟ್ಟ ಮೆದು ಪಿಂಗಾಣಿ. ಎಲ್ಲಿಯಾದರೂ ಚೂರು ಎದ್ದಿದ್ದರೆ ಆ ಗಾಯವನ್ನು ನೋಡಿ: ಗಟ್ಟಿಯದು ಚಕಮಕಿಕಲ್ಲಿನಂತೆ ನುಣುಪಾಗಿ ಒಡೆಯುತ್ತದೆ, ಮೆದುವಾದದ್ದು ಸಕ್ಕರೆಯ ಹಾಗೆ ಹರಳು ಹರಳಾಗಿ ಕಾಣುತ್ತದೆ. ಮೆದು ಪಿಂಗಾಣಿಯ ಮೆರುಗು ಬಟ್ಟೆಯ ಮಡಿಕೆಗಳಲ್ಲಿ ಮಂದವಾಗಿ ನಿಲ್ಲುತ್ತದೆ, ಬಣ್ಣಗಳು ಅದರೊಳಕ್ಕೆ ಇಳಿದಂತೆ ತೋರುತ್ತವೆ. ಗಟ್ಟಿಯದರಲ್ಲಿ ಬಣ್ಣ ಮೇಲೆಯೇ ಕುಳಿತಿರುತ್ತದೆ. ಬೆಳಕಿಗೆ ಹಿಡಿದು ನೋಡುವುದು ಬಟ್ಟಲಿಗೆ ಸಲ್ಲುವ ಪರೀಕ್ಷೆ. ದಪ್ಪನಾದ ಬೊಂಬೆಗೆ ಅದು ಅಷ್ಟಾಗಿ ಸಲ್ಲದು.

ಇದರ ಉಪಯೋಗಕ್ಕೆ ಒಂದು ಉದಾಹರಣೆ. 1845ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಯಾಂಸನ್ ಎಂಬವನು ಹಳೆಯ ಪಿಂಗಾಣಿಗಳ ಪ್ರತಿಗಳನ್ನು ಮಾಡುವ ಕಾರ್ಖಾನೆಯನ್ನು ತೆರೆದನು. ಮೈಸೆನ್, ಚೆಲ್ಸಿ, ಚೀನಾ ಯಾವುದನ್ನೂ ಅವನ ಮನೆತನದವರು ಬಿಡಲಿಲ್ಲ. ಚೆಲ್ಸಿಯವರು 1756ರಿಂದ 1769ರವರೆಗೆ ತಮ್ಮ ಬೊಂಬೆಗಳಿಗೆ ಚಿನ್ನದ ಬಣ್ಣದ ಒಂದು ಪುಟ್ಟ ಲಂಗರಿನ ಚಿಹ್ನೆಯನ್ನು ಹಾಕುತ್ತಿದ್ದರು. ಸ್ಯಾಂಸನ್ನನ ಪ್ರತಿಗಳಲ್ಲಿಯೂ ಲಂಗರುಂಟು, ಎದ್ದು ಕಾಣುವಷ್ಟು ದೊಡ್ಡದಾಗಿಯೇ ಉಂಟು. ಆದರೆ ಮಣ್ಣು ಗಟ್ಟಿ ಪಿಂಗಾಣಿ. ಚೆಲ್ಸಿಯಲ್ಲಿ ಗಟ್ಟಿ ಪಿಂಗಾಣಿ ತಯಾರಾಗಲೇ ಇಲ್ಲ. ಚಿಹ್ನೆಯು ಹೇಳಿದ ಸುಳ್ಳನ್ನು ಮಣ್ಣು ಬಯಲಿಗೆ ತರುತ್ತದೆ.

ಮೂರನೆಯದು, ಪೀಠ ಮತ್ತು ಬೆನ್ನು. ಕೆಂಡ್ಲರನ ಮೊದಲ ಕಾಲದ ಬೊಂಬೆಗಳು ಒಂದು ಸಣ್ಣ ದಿಬ್ಬದ ಮೇಲೆ ನಿಂತಿರುತ್ತವೆ; ದಿಬ್ಬದ ಮೇಲೆ ಅಲ್ಲಲ್ಲಿ ಅಂಟಿಸಿದ ಎಲೆ ಹೂಗಳು, ಅಷ್ಟೆ. 1750ರ ಹೊತ್ತಿಗೆ ಪೀಠಕ್ಕೆ ಸುರುಳಿ ಸುರುಳಿಯಾದ ಬಳ್ಳಿಯ ಅಲಂಕಾರವೂ ಚಿನ್ನದ ಗೆರೆಯೂ ಬಂದುವು. ಒಳ್ಳೆಯ ಬೊಂಬೆಯ ಬೆನ್ನು ಅದರ ಮುಖದಷ್ಟೇ ಕೆಲಸವನ್ನು ಕಂಡಿರುತ್ತದೆ, ಏಕೆಂದರೆ ಮೇಜಿನ ನಡುವೆ ನಿಂತ ಬೊಂಬೆಯನ್ನು ಅತಿಥಿಗಳು ನಾಲ್ಕು ಕಡೆಯಿಂದಲೂ ನೋಡುತ್ತಿದ್ದರು. ಗೋಡೆಯ ಬದಿಯ ಗೂಡಿನಲ್ಲಿಡಲು ಮಾಡಿದ ಅಗ್ಗದ ಪ್ರತಿಗಳಲ್ಲಿ ಬೆನ್ನಿಗೆ ಬಣ್ಣವೇ ಸಾಲದೆ ಬಂದಿರುತ್ತದೆ.

ನಾಲ್ಕನೆಯದು, ಚಿನ್ನದ ಹೊಳಪು. ಹಳೆಯ ಕಾಲದ ಚಿನ್ನವು ಮೃದುವಾದ, ಜೇನಿನಂಥ ಕಾಂತಿಯುಳ್ಳದ್ದು. ಕನ್ನಡಿಯ ಹಾಗೆ ಥಳಥಳಿಸುವ ದ್ರವದ ಚಿನ್ನವನ್ನು ಮೈಸೆನ್ನಿನಲ್ಲಿ ಕಂಡುಹಿಡಿದದ್ದು 1827ರಲ್ಲಿ. ಅದನ್ನು ಧರಿಸಿದ ಬೊಂಬೆಯು ಕೆಂಡ್ಲರನ ಕಾಲದ್ದಾಗಿರಲು ಸಾಧ್ಯವಿಲ್ಲ. ಹಾಗೆಯೇ, ನಿಜವಾದ ಕಸೂತಿಯ ಬಟ್ಟೆಯನ್ನು ಪಿಂಗಾಣಿಯ ತೆಳುಮಣ್ಣಿನಲ್ಲಿ ಅದ್ದಿ, ಬೆಂಕಿಯಲ್ಲಿ ಬಟ್ಟೆ ಸುಟ್ಟುಹೋಗಿ ಮಣ್ಣಿನ ಜಾಲರಿ ಉಳಿಯುವಂತೆ ಮಾಡಿದ ಲಂಗಗಳು ನಮ್ಮ ಮನೆಗಳಲ್ಲಿ ಕಂಡುಬಂದರೆ, ಅವು ಹೆಚ್ಚಾಗಿ 19ನೆಯ ಶತಮಾನದವು ಅಥವಾ ಅದಕ್ಕಿಂತ ಈಚಿನವು.

ಎಲ್ಲಕ್ಕೂ ಕಡೆಯದು ಚಿಹ್ನೆ. ಮೈಸೆನ್ನಿನ ನಿಜವಾದ ಕತ್ತಿಗಳ ನೀಲಿಯು ಮಣ್ಣಿನೊಡನೆ ಬೆಂದು ಅದರಲ್ಲಿ ಇಂಗಿರುತ್ತದೆ ಇಲ್ಲವೆ ಮೆರುಗಿನ ಅಡಿಯಲ್ಲಿರುತ್ತದೆ. ಅದು ಮೆರುಗಿನ ಮೇಲೆ ಕುಳಿತು ಉಗುರಿಗೆ ತಗುಲಿದರೆ ಸಂದೇಹ ಪಡಬೇಕು. ಕತ್ತಿಗಳಿಗೆ ಅಡ್ಡಲಾಗಿ ಗೀರು ಹಾಕಿದ್ದರೆ ಕಾರ್ಖಾನೆಯೇ ಅದನ್ನು ಎರಡನೆಯ ದರ್ಜೆಯದೆಂದು ಅಥವಾ ಬಣ್ಣ ಹಾಕದೆ ಮಾರಿದ್ದೆಂದು ಸೂಚಿಸಿದೆ. ಕತ್ತಿಗಳ ನಡುವೆ ಒಂದು ಚುಕ್ಕೆಯಿದ್ದರೆ 1763ರ ಅನಂತರದ ಕೆಲವು ವರ್ಷಗಳು, ನಕ್ಷತ್ರವಿದ್ದರೆ 1774ರಿಂದ 1814ರವರೆಗಿನ ಕಾಲ. ದೇಶದ ಹೆಸರು ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ, ಆಮದಿನ ವಸ್ತುಗಳ ಮೇಲೆ ಅವು ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕದವರು 1890ರಲ್ಲಿ ಮಾಡಿದ ಕಾನೂನಿನ ಬಳಿಕದ್ದೆಂದು ಸಾಮಾನ್ಯವಾಗಿ ಊಹಿಸಬಹುದು. ಆದರೆ ಮರೆಯಬಾರದ ಸಂಗತಿಯೊಂದುಂಟು: ಕೆಂಡ್ಲರನ ಕಾಲದ ಎಷ್ಟೋ ಬೊಂಬೆಗಳ ಮೇಲೆ ಯಾವ ಚಿಹ್ನೆಯೂ ಇಲ್ಲ. ಅಲ್ಲದೆ ಮೈಸೆನ್ ಕಾರ್ಖಾನೆಯು ಇಂದಿಗೂ ನಡೆಯುತ್ತಿದೆ. 19ನೆಯ ಶತಮಾನದಲ್ಲಿ ಅದೇ ಹಳೆಯ ಮಾದರಿಗಳಿಂದ ಸಾವಿರಾರು ಬೊಂಬೆಗಳನ್ನು ಮತ್ತೆ ತಯಾರಿಸಿತು. ಅವುಗಳ ಮೇಲಿನ ಕತ್ತಿ ನಿಜವೇ. ವಯಸ್ಸು ಮಾತ್ರ ನೂರು ವರ್ಷ ಕಡಮೆ. ಕತ್ತಿಯಿಲ್ಲದ್ದು ನಿಜವಾಗಿರಬಹುದು, ಕತ್ತಿಯಿರುವುದು ನಕಲಾಗಿರಬಹುದು, ನಿಜವಾದ ಕತ್ತಿಯುಳ್ಳದ್ದು ಈಚಿನದಾಗಿರಬಹುದು.

ಬೆಲೆಯ ಮಾತಿಗೆ ಬರೋಣ. ಯಾರ ಮಾದರಿ, ಎಷ್ಟು ಅಪರೂಪ, ತಿದ್ದಿದ ಕೈ ಎಷ್ಟು ಚುರುಕು, ಬಣ್ಣ ಆ ಕಾಲದ್ದೆ, ಅಂಗಗಳು ಪೂರ್ತಿಯಾಗಿವೆಯೆ ಎಂಬುವು ಬೆಲೆಯನ್ನು ಕಟ್ಟುತ್ತವೆ. ಹಳೆಯ ಬೊಂಬೆಯಲ್ಲಿ ಎರಡೊಂದು ಹೂವಿನೆಸಳು ಉದುರಿದ್ದರೆ ಅದು ವಯಸ್ಸಿನ ಸಹಜಗುಣ. ತಲೆಯನ್ನೋ ತೋಳನ್ನೋ ಅಂಟಿಸಿ, ಗಾಯವು ಕಾಣದಂತೆ ಮೇಲೆ ಬಣ್ಣ ಬಳಿದಿದ್ದರೆ ಬೆಲೆ ತುಂಬ ಇಳಿಯುತ್ತದೆ. ಬಳಿದ ಜಾಗವನ್ನು ಬೆರಳಿನಿಂದ ಮುಟ್ಟಿದರೆ ಪಿಂಗಾಣಿಯ ತಂಪು ಅಲ್ಲಿರುವುದಿಲ್ಲ. ನೇರಳಾತೀತ ಕಿರಣದ ದೀಪದ ಕೆಳಗೆ ಹಿಡಿದರೆ ಅದು ಬೇರೆಯಾಗಿಯೇ ಹೊಳೆಯುತ್ತದೆ.

ಇವೆಲ್ಲದರ ಜೊತೆಗೆ ಚರಿತ್ರೆಗೂ ಒಂದು ಬೆಲೆಯುಂಟು. ಇಂಗ್ಲೆಂಡಿನ ಸ್ಟಾಫರ್ಡ್‌ಷೈರಿನಲ್ಲಿ 1820ರ ಅನಂತರದ ಕಾಲದಲ್ಲಿ ಒಂದು ಬೊಂಬೆ ತಯಾರಾಯಿತು. ಅದು ಪಿಂಗಾಣಿಯೇ ಅಲ್ಲ, ಸಾಮಾನ್ಯ ಮಣ್ಣು. ಕೆಳಗೆ ಬಿದ್ದ ಒಬ್ಬ ಸಿಪಾಯಿಯ ತಲೆಗೆ ಹುಲಿಯು ಬಾಯಿಹಾಕಿದೆ. ಪೀಠದ ಮೇಲೆ "ಮನ್ರೊವಿನ ಮರಣ" ಎಂಬ ಅರ್ಥದ ಬರಹ. ಹೈದರಾಲಿಯೊಡನೆ ಹೋರಾಡಿದ ಸೇನಾನಿ ಸರ್ ಹೆಕ್ಟರ್ ಮನ್ರೊವಿನ ಮಗನನ್ನು 1792ರಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿಯು ಕೊಂದಿತ್ತು. ಆ ಬೊಂಬೆಯನ್ನು ನೋಡಿದ ಯಾವ ಮೈಸೂರಿನವನಿಗೂ 1799ರ ಅನಂತರ ಶ್ರೀರಂಗಪಟ್ಟಣದಿಂದ ಲಂಡನ್ನಿಗೆ ಸಾಗಿಸಿದ, ಈಗ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಟಿಪ್ಪುವಿನ ಮರದ ಹುಲಿ ನೆನಪಿಗೆ ಬಾರದಿರದು. ಶಿಲ್ಪದ ದೃಷ್ಟಿಯಿಂದ ಅದು ಒರಟು ಕೆಲಸ. ಆದರೂ ಸಂಗ್ರಹಕಾರರು ಅದಕ್ಕೆ ಎಷ್ಟೋ ನಯವಾದ ಪಿಂಗಾಣಿಗಿಂತ ಹೆಚ್ಚಿನ ಬೆಲೆಯನ್ನು ತೆರುತ್ತಾರೆ. ಏಕೆಂದರೆ ಅದು ಇಂಥ ಘಟನೆಯದೆಂದು ಖಚಿತವಾಗಿ ಹೇಳಬಹುದು.

ಆದುದರಿಂದ ನಿಮ್ಮಲ್ಲಿ ನನ್ನದೊಂದು ಬಿನ್ನಹ. ಮುಂದಿನ ನವರಾತ್ರಿಗೆ ಪೆಟ್ಟಿಗೆಯನ್ನು ತೆರೆದಾಗ ಆ ಪರದೇಶದ ಹೆಣ್ಣುಮಗಳನ್ನು ತೋಳು ಹಿಡಿದು ಎತ್ತಬೇಡಿ. ಪೀಠಕ್ಕೆ ಕೈಕೊಟ್ಟು ಎತ್ತಿ. ಹುಣಿಸೆಹಣ್ಣು, ಸೀಗೆಪುಡಿ ಹಾಕಿ ತಿಕ್ಕಬೇಡಿ. ಮೆತ್ತನೆಯ ಕುಂಚದಿಂದ ಧೂಳು ತೆಗೆದರೆ ಸಾಕು. ಅವಳನ್ನು ಯಾರು, ಎಲ್ಲಿ, ಯಾವಾಗ ಕೊಂಡರೆಂಬುದನ್ನು ಮನೆಯ ಹಿರಿಯರಿಂದ ಕೇಳಿ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯಲ್ಲಿಡಿ. ಬಲ್ಲವರಿಗೆ ತೋರಿಸುವ ಮುನ್ನ ಮಾರಲೂ ಬೇಡಿ; ನನ್ನಂಥವನ ಮಾತನ್ನು ನಂಬಿ ಆಸೆಯನ್ನೂ ಕಟ್ಟಿಕೊಳ್ಳಬೇಡಿ.

ರಾಯರ ಬೊಂಬೆಯನ್ನು ನಾನು ಅನಂತರ ಮತ್ತೊಮ್ಮೆ ಕೇಳಿ ಪಡೆದು ನೋಡಿದೆ. ಲಂಗದ ಅಂಚಿನ ಚಿನ್ನವು ಕನ್ನಡಿಯಂತೆ ಹೊಳೆಯುತ್ತಿತ್ತು. ಬೆನ್ನಿಗೆ ಬಣ್ಣವಿರಲಿಲ್ಲ. ಬೆರಳುಗಳು ಕೂಡಿಕೊಂಡಿದ್ದುವು. ಕತ್ತಿಗಳು ಉಗುರಿಗೆ ತಗುಲಿದುವು. ಎಲ್ಲವೂ ಮೊದಲ ದಿನವೇ ನನ್ನ ಕಣ್ಣಮುಂದೆ ಇದ್ದುವು. ರಾಯರ ಸಾಲವು ತೀರಲು ಮುಂದೆ ನಾಲ್ಕು ವರ್ಷ ಹಿಡಿಯಿತು. ಬೊಂಬೆಯನ್ನು ಅವರು ಆಮೇಲೆ ಯಾರಿಗೂ ಮಾರಲಿಲ್ಲ. ನವರಾತ್ರಿಯಲ್ಲಿ ಅದು ಮೂರನೆಯ ಮೆಟ್ಟಲಿನಲ್ಲಿ ತನ್ನ ಸ್ಥಳದಲ್ಲಿ ನಿಲ್ಲುತ್ತದೆ. ಪೆಟ್ಟಿಗೆಯಲ್ಲಿ ಒಂದು ಚೀಟಿಯೂ ಇದೆ. "ನಮ್ಮ ತಾತ ಹರಾಜಿನಲ್ಲಿ ಕೊಂಡದ್ದು. ನಕಲು. ಚೆನ್ನಾಗಿದೆ" ಎಂದು ರಾಯರೇ ಬರೆದಿಟ್ಟಿದ್ದಾರೆ. ಇಷ್ಟು ಸತ್ಯವಾದ ಚಿಹ್ನೆಯನ್ನು ನಾನು ಬೇರಾವ ಬೊಂಬೆಯಲ್ಲಿಯೂ ಕಂಡಿಲ್ಲ.